ಕತ್ತೆ ನಿಂತ ಜಾಗ

ಥಾರ್ನ್‌ಬೆಕ್ ಪಟ್ಟಣದ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯುವುದಾದರೆ, ಆ ಶುಕ್ರವಾರ ಮಧ್ಯಾಹ್ನ ಡೆಸ್ಮಂಡ್ ಫ್ಯಾರರ್ ಮಹಾಶಯರ ಎಡಗಾಲಿನ ಬೂಟಿನ ತುದಿ ಮೇಲೆ ಕೆಳಗೆ ಆಡಿದ ಸಂಗತಿಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಡತಕ್ಕದ್ದು. ಬೂಟು ಕಂದು ಬಣ್ಣದ್ದು. ಲೇಸು ಹೊಸದು. ಇನ್‌ಸ್ಪೆಕ್ಟರ್ ಆಂಬ್ರೋಸ್ ಟ್ಯಾಟರ್ಸಾಲ್ ಅದನ್ನು, ಬೆಕ್ಕು ಇಲಿಯ ಬಿಲವನ್ನು ನೋಡುವ ಹಾಗೆ, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ.

ಕೋಣೆಯ ಆಚೆ ತುದಿಯಲ್ಲಿ ಕಾರ್ಸ್‌ಡೇಲ್ ಪದಾತಿ ದಳದ ಬ್ಯಾಂಡು ಕಿಟಕಿಯ ಗಾಜು ಅದುರುವಂತೆ ನುಡಿಸುತ್ತಿತ್ತು. ಟ್ಯಾಟರ್ಸಾಲನಿಗೆ ಅದರಿಂದ ಸುಖವೂ ಇಲ್ಲ, ದುಃಖವೂ ಇಲ್ಲ. ಅವನ ಕಿವಿಗೆ ಸಂಗೀತದಲ್ಲಿ ಎರಡೇ ಬಗೆ: ಮುಗಿದದ್ದು ಮತ್ತು ಇನ್ನೂ ಮುಗಿಯದ್ದು. ಭಾನುವಾರದ ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸಿದರೆ ಸಾಕು ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಅಪ್ಪಣೆ ಮಾಡಿದ್ದಳು. ಹಾಗಾಗಿ ಇವತ್ತು ಕಿವಿಯನ್ನು ಮನೆಯಲ್ಲಿ ಬಿಟ್ಟವನಂತೆ ಬರೀ ಕಣ್ಣನ್ನು ನಂಬಿಕೊಂಡು ಕೂತಿದ್ದ.

ಎದುರಿನ ಬೆಂಚಿನ ಮೇಲೆ ಮೂವರು. ಬಲತುದಿಯಲ್ಲಿ ಫ್ಯಾರರ್, ದಳದ ಚರಿತ್ರೆ ಬರೆಯುತ್ತಿರುವ ಮಾಜಿ ಕ್ಯಾಪ್ಟನ್. ಎಡತುದಿಯಲ್ಲಿ ರೂಫಸ್ ಪೆಟಿಗ್ರೂ, ನೆರೆಯ ವೆಲ್ಡನ್ ದಳದ ಬ್ಯಾಂಡ್‌ಮಾಸ್ಟರ್. ನಡುವೆ, ಕೈಗೋಲಿನ ಮೇಲೆ ಎರಡೂ ಅಂಗೈ ಊರಿಕೊಂಡು, ಮಿಸ್ ಆಗಸ್ಟಾ ಲಾಯ್. ಅವರು ಕರ್ನಲ್ಲರ ಅಕ್ಕ. ದಳದ ಮ್ಯೂಸಿಯಂ ಅನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದವರು. ಅವರನ್ನು ಅಲ್ಲಿ ಕೂರಿಸಿದ್ದು ಬರೀ ಮರ್ಯಾದೆಗೆ.

ಮಂಗಳವಾರ ಸಂಜೆ ಚಹಾದ ಹೊತ್ತಿನಲ್ಲಿ ಆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗಿಂದ ದೊಡ್ಡ ಡ್ರಮ್ಮಿನ ಹಳೆಯ ಬಡಿಕೋಲು ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ. ಬೀಗದಕೈ ಇದ್ದದ್ದು ಎರಡು. ಒಂದು ಮಿಸ್ ಲಾಯ್ ಬಳಿ, ಇನ್ನೊಂದು ಡ್ರಮ್ಮು ಬಾರಿಸುವ ಸೆತ್ ಆಗ್ಡೆನ್ ಬಳಿ. ಕರ್ನಲ್ಲರ ಅಕ್ಕನನ್ನು ಅನುಮಾನಿಸುವ ಪದ್ಧತಿ ಆ ದಳದಲ್ಲಿ ಇರಲಿಲ್ಲವಾದ್ದರಿಂದ, ಸೆತ್ ಕಾವಲು ಕೋಣೆ ಸೇರಿದ್ದ. ಇವತ್ತು ಅವನನ್ನು ಬಾರಿಸುವುದಕ್ಕೆಂದೇ ಹೊರಗೆ ಕರೆತಂದು, ಬೆನ್ನ ಹಿಂದೆ ಒಬ್ಬ ಕಾವಲಿನವನನ್ನು ನಿಲ್ಲಿಸಿದ್ದರು.

"ನಾಳೆ ಬೆಳಗಾಗೋದ್ರೊಳಗೆ ಬೇರೆ ಕಳ್ಳನ್ನ ತಂದು ನಿಲ್ಲಿಸಿ," ಎಂದಿದ್ದರು ಕರ್ನಲ್ ಲಾಯ್, ಬಾಗಿಲ ಬಳಿ ನಿಂತು. "ಇಲ್ಲಾಂದ್ರೆ ಆಗ್ಡೆನ್ ಮೇಲೆ ಸೈನಿಕ ನ್ಯಾಯಾಲಯ. ಅವನ ಇಪ್ಪತ್ತು ವರ್ಷದ ನೌಕರಿ ಮಣ್ಣುಪಾಲು. ನನಗೇನು ಸಂತೋಷ ಅಂದ್ಕೊಂಡಿದ್ದೀರಾ?"

ಟ್ಯಾಟರ್ಸಾಲ್ ಹಾಗೆ ಅಂದುಕೊಂಡಿರಲಿಲ್ಲ. ಸೆತ್ ಕಳ್ಳ ಎಂದೂ ಅಂದುಕೊಂಡಿರಲಿಲ್ಲ. ಮಾಮೂಲಿ ಅಭ್ಯಾಸದ ಕೋಲನ್ನು ಕೂಡ ಬರೀ ಮೇಜಿನ ಮೇಲೆ ಇಡದೆ, ಕರವಸ್ತ್ರ ಮಡಿಸಿ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದ ಹಾಗೆ ಇಡುವ ಆಳು ಅವನು. ಆದರೆ ಕರವಸ್ತ್ರವನ್ನು ಸಾಕ್ಷಿ ಎಂದು ಹಾಜರುಪಡಿಸುವುದು ಹೇಗೆ?

ಆ ಕೋಲಿನ ವಿಷಯ ಇಷ್ಟು. ದಳ ಹೆಜ್ಜೆ ಹಾಕುವ ಬ್ಯಾಂಡಿನ ಧಾಟಿಗೆ, ಅಂದರೆ ಮಾರ್ಚಿಗೆ, ಅಧಿಕೃತ ಹೆಸರು 'ವಾಲ್ಡೇರಾ ಸೇತುವೆ'. ಸಿಪಾಯಿಗಳ ಬಾಯಲ್ಲಿ ಅದು ಬರೀ 'ಕತ್ತೆ'. ನೆಪೋಲಿಯನ್ನನ ಕಾಲದಲ್ಲಿ ಸ್ಪೇನಿನ ಒಂದು ಸೇತುವೆ ದಾಟುವಾಗ ಗುಂಡು ತಗುಲಿ ಡ್ರಮ್ಮಿನವನು ಕುಸಿದನೆಂದೂ, ಎರಡು ಏಟಿನಷ್ಟು ಹೊತ್ತು ಡ್ರಮ್ಮು ಸುಮ್ಮನಾಯಿತೆಂದೂ, ಅವನು ಎದ್ದು ನಿಂತು ಮತ್ತೆ ಬಾರಿಸಿ ಸತ್ತನೆಂದೂ ಅಧಿಕಾರಿಗಳ ಊಟದ ಕೋಣೆಯ ತೈಲಚಿತ್ರ ಹೇಳುತ್ತದೆ. ಸಿಪಾಯಿಗಳ ಕ್ಯಾಂಟೀನಿನಲ್ಲಿ ತೈಲಚಿತ್ರವಿಲ್ಲ. ಅಲ್ಲಿಯ ನೆನಪೇ ಬೇರೆ: ಡ್ರಮ್ಮು ಹೊತ್ತಿದ್ದು ಯಾವನೋ ಗಿರಣಿಯವನಿಂದ ಎಗರಿಸಿ ತಂದ ಕತ್ತೆ. ಅದು ಸೇತುವೆಯ ನಟ್ಟನಡುವೆ ನಿಂತಿತು. ಹಿಂದೆ ಇಡೀ ದಳ ನಿಂತಿತು. ಕತ್ತೆಗೆ ಮನಸ್ಸು ಬಂದ ಮೇಲೆ ಎಲ್ಲರೂ ಹೋಗಿ ಗೆದ್ದರು.

ಯಾವುದು ನಿಜವೋ, ಅಂದಿನಿಂದ ಮಾರ್ಚಿನ ಎರಡನೆಯ ಭಾಗದಲ್ಲಿ ಎರಡು ಏಟು ಖಾಲಿ. ಆಗ ಬ್ಯಾಂಡೂ ಸುಮ್ಮನೆ, ಕಾಲೂ ಸುಮ್ಮನೆ. ದಳಕ್ಕೆ ದಳವೇ ಎಡಗಾಲು ಮುಂದಿಟ್ಟು ಕಲ್ಲಾಗಿ ನಿಂತು, ಆಮೇಲೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಹಿಂದೆ ಬರುವ ದಳದವರು ಬಂದು ಇವರ ಬೆನ್ನಿಗೆ ಢಿಕ್ಕಿ ಹೊಡೆಯುತ್ತಾರೆ. ಆದಕಾರಣ ದೊಡ್ಡ ಕವಾಯತುಗಳಲ್ಲಿ ಕಾರ್ಸ್‌ಡೇಲಿನವರನ್ನು ಯಾವಾಗಲೂ ಕೊನೆಯಲ್ಲಿ ನಿಲ್ಲಿಸುತ್ತಾರೆ. ಅದನ್ನು ಇವರು ಗೌರವ ಎಂದು ತಿಳಿದಿದ್ದಾರೆ.

ಈಗ ಲಂಡನ್ನಿನವರು ಕಾರ್ಸ್‌ಡೇಲ್, ವೆಲ್ಡನ್ ಎರಡನ್ನೂ ಸೇರಿಸಿ ಒಂದೇ ದಳ ಮಾಡಲು ಹೊರಟಿದ್ದರು. ಒಂದು ದಳಕ್ಕೆ ಒಂದೇ ಮಾರ್ಚ್. ನಾಳೆ ಒಂದು ಸಮಿತಿ ಬಂದು ಎರಡೂ ಮಾರ್ಚುಗಳನ್ನು ಕೇಳಿ, ಒಂದನ್ನು ಉಳಿಸಿ, ಇನ್ನೊಂದನ್ನು ಮಣ್ಣು ಮಾಡಿ ಹೋಗಲಿತ್ತು. ಸ್ಪೇನಿನಿಂದ ಬಂದ ಆ ಕೋಲು ಕೈಯಲ್ಲಿಲ್ಲದೆ ಊರ ಮುಂದೆ 'ಕತ್ತೆ'ಯನ್ನು ನುಡಿಸುವ ಹಾಗಿಲ್ಲ, ಅದು ದಳದ ಕಟ್ಟಳೆ. ಕೋಲು ಸಿಗದಿದ್ದರೆ ವೆಲ್ಡನ್‌ನವರಿಗೆ ಗೆಲುವು. ಆದ್ದರಿಂದ ಪೆಟಿಗ್ರೂ ಕಳ್ಳ. ಪಟ್ಟಣದ ಕ್ಷೌರದಂಗಡಿಯಲ್ಲಿ ಈ ವಿಷಯ ಬುಧವಾರವೇ ಇತ್ಯರ್ಥವಾಗಿತ್ತು.

ಟ್ಯಾಟರ್ಸಾಲನ ಕೈಯಲ್ಲಿದ್ದದ್ದು ಒಂದೇ ಸುಳಿವು, ಅಡಿಗೆಯ ಬೆಸ್ಸಿ ಥ್ರೂಪ್ ಕೊಟ್ಟದ್ದು. ಅವಳ ಅಡಿಗೆಮನೆಗೂ ಮ್ಯೂಸಿಯಂಗೂ ನಡುವೆ ಒಂದೇ ಗೋಡೆ.

"ಯಾರೋ ಒಳಗೆ ಓಡಾಡ್ತಿದ್ರು ಬಂಗಾರ," ಎಂದಿದ್ದಳು ಅವಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. ಜನರಲ್ ಬಂದು ನಿಂತರೂ ಅವಳಿಗೆ ಬಂಗಾರವೇ. "ಮೂಗಲ್ಲೇ 'ಕತ್ತೆ' ಗುನುಗ್ತಾ, ತಾಳಕ್ಕೆ ಸರಿಯಾಗಿ ಟಕ್ ಟಕ್ ಅಂತ. ಆದ್ರೆ ನಿಲ್ಲೋ ಜಾಗದಲ್ಲಿ ಗುನುಗೋದು ನಿಲ್ತು, ಟಕ್ ಟಕ್ ನಡೀತಾನೇ ಇತ್ತು! ನಂಗೆ ಮೈಯೆಲ್ಲ ಒಂಥರಾ ಆಗ್ಹೋಯ್ತು. ಹಿಟ್ಟು ಗಂಟಾಯ್ತು ನೋಡಿ."

"ಪೆಟ್ಟಿಗೆ ತೆಗೆದ ಸದ್ದು ಕೇಳಿಸ್ತಾ?"

"ಅದೇ ಇಲ್ಲ. ಆ ಮುಚ್ಚಳ ಎತ್ತಿದ್ರೆ ಹಂದಿ ಕಿರುಚಿದಂಗೆ ಕಿರುಚತ್ತೆ, ನನ್ನ ಹಾಲು ಒಡೆಯೋ ಹಂಗೆ. ಅವತ್ತು ಚಕಾರ ಇಲ್ಲ."

ಟ್ಯಾಟರ್ಸಾಲ್ ಎರಡನೆಯ ಮಾತನ್ನು ಅಲ್ಲಿಯೇ ಬಿಟ್ಟು ಮೊದಲನೆಯದನ್ನು ಭದ್ರವಾಗಿ ಹಿಡಿದುಕೊಂಡ. ಈ ದಳದಲ್ಲಿ ನಡೆದ ಕಾಲು ನಿದ್ದೆಯಲ್ಲಿಯೂ ಆ ಜಾಗದಲ್ಲಿ ನಿಲ್ಲುತ್ತದೆ. ಬೆಸ್ಸಿ ಕೇಳಿದ ಕಾಲು ನಿಲ್ಲಲಿಲ್ಲ. ಅಂದ ಮೇಲೆ ಅದು ಸೆತ್‌ನದಲ್ಲ. ಯಾರದು ಎಂದು ನೋಡುವುದಕ್ಕೇ ಇವತ್ತಿನ ಬೆಂಚು.

ಬ್ಯಾಂಡು ಆ ಜಾಗಕ್ಕೆ ಬಂತು. ಬ್ಯಾಂಡ್‌ಮಾಸ್ಟರ್ ಲಸ್ಕಂಬ್ ಕೈ ಮುಚ್ಚಿದ. ಕೋಣೆ ಬಾವಿಯಂತಾಯಿತು.

ಪೆಟಿಗ್ರೂನ ಕಪ್ಪು ಬೂಟು ಗಾಳಿಯಲ್ಲೇ ನಿಂತಿತು. ಫ್ಯಾರರ್‌ನ ಕಂದು ಬೂಟು ನಿಲ್ಲಲಿಲ್ಲ. ಟಕ್, ಟಕ್. ಆಮೇಲೆ ಬ್ಯಾಂಡು ಮತ್ತೆ ಭೋರ್ಗರೆಯಿತು.

ಟ್ಯಾಟರ್ಸಾಲ್ ಎದ್ದು ನಿಂತು ಕೈ ಎತ್ತಿದ. ತುತ್ತೂರಿಗಳು ಒಂದೊಂದಾಗಿ ಬೇಸರದಿಂದ ಸುಮ್ಮನಾದವು.

"ಪೆಟಿಗ್ರೂ ಅವರೇ, ನಿಮ್ಮ ಕಾಲು ನಿಂತಿತು. ಈ ಮಾರ್ಚ್ ನಿಮಗೆ ಸರಿಯಾಗಿ ಗೊತ್ತಿಲ್ಲ ಅಂದಿದ್ರಿ."

ಪೆಟಿಗ್ರೂ ಕಿವಿಯವರೆಗೂ ಕೆಂಪಾದ. "ನಮ್ಮಪ್ಪ ಇದೇ ದಳದಲ್ಲಿ ಇದ್ದಿದ್ದು. ಕವಾಯತು ಮುಗಿಸ್ಕೊಂಡು ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸಿಳ್ಳೆ ಹಾಕ್ತಾ ಮನೆಗೆ ಬರೋರು. ದಾರಿಯಲ್ಲಿ ಗಕ್ಕನೆ ನಿಲ್ಲೋರು. ಪಕ್ಕದಲ್ಲಿ ಬೇಕರಿ. ಎಷ್ಟೋ ವರ್ಷ ನಾನು ಬನ್ನಿನ ವಾಸನೆಗೆ ನಿಲ್ತಾರೆ ಅಂದ್ಕೊಂಡಿದ್ದೆ."

"ಇದನ್ನ ನಿಮ್ಮ ವೆಲ್ಡನ್‌ನವರಿಗೆ ಹೇಳಿದ್ದೀರಾ?"

"ಹೇಳಿ ನಾನು ಬದುಕ್ಬೇಡ್ವಾ ಸಾರ್?"

ಬ್ಯಾಂಡಿನವರು ನಕ್ಕರು. ಕ್ಷೌರದಂಗಡಿಯ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

"ಕ್ಯಾಪ್ಟನ್ ಫ್ಯಾರರ್. ನೀವು ಈ ದಳದವರು. ನಿಮ್ಮ ಕಾಲು ಮಾತ್ರ ನಡೀತಾನೇ ಇತ್ತು."

ಫ್ಯಾರರ್ ಗಾಬರಿಯಾಗಲಿಲ್ಲ. ಪೈಪನ್ನು ಬಾಯಿಯಿಂದ ತೆಗೆದ. "ನಾನು ಸೇರಿದ್ದು ಯುದ್ಧದ ಕಾಲದಲ್ಲಿ ಇನ್‌ಸ್ಪೆಕ್ಟರೇ. ಲಾರಿ, ಹಡಗು, ಕೆಸರು, ಅಷ್ಟೇ. ಬ್ಯಾಂಡನ್ನ ಮೊದಲ ಸಲ ನೋಡಿದ್ದು ಎಲ್ಲ ಮುಗಿದ ಮೇಲೆ, ಅದೂ ಕುರ್ಚಿಯಲ್ಲಿ ಕೂತು. ಇಟಲಿಯಲ್ಲಿ ನಮಗೆ ಬಾರಿಸ್ತಿದ್ದೋರು ಜರ್ಮನ್ನರು. ಅವರು ಎರಡು ಏಟು ಬಿಡೋ ಪೈಕಿ ಆಗಿರ್ಲಿಲ್ಲ."

"ಮಂಗಳವಾರ ಚಹಾದ ಹೊತ್ತಲ್ಲಿ ಎಲ್ಲಿದ್ರಿ?"

"ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ನೋಡ್ತೀರಾ?"

ಉತ್ತರಕ್ಕೆ ಕಾಯದೆ ಬಾಯಿ ತೆರೆದು ತೋರಿಸಿದ. ಹಲ್ಲು ಇರಬೇಕಾದಲ್ಲಿ ಇರಲಿಲ್ಲ. ಅದನ್ನು ಕಿತ್ತ ಡಾಕ್ಟರು ಕರ್ನಲ್ಲರಿಗೂ ಡಾಕ್ಟರೇ. ಇಂಥ ವಿಷಯದಲ್ಲಿ ಸುಳ್ಳು ನಿಲ್ಲುವಂತಿರಲಿಲ್ಲ.

ಟ್ಯಾಟರ್ಸಾಲ್ ಟೋಪಿ ಕೈಗೆತ್ತಿಕೊಂಡ. ಮೂರು ದಿನದ ಯೋಚನೆ ಒಂದು ಹಲ್ಲಿಲ್ಲದ ಸಂದಿನಲ್ಲಿ ಸೋರಿಹೋಗಿತ್ತು.

"ಮುಗೀತಾ ನಿಮ್ಮ ವಿಚಾರಣೆ?" ಎಂದ ಲಸ್ಕಂಬ್, ತಾಳದ ಕೋಲಿನಿಂದ ಮೇಜು ಕುಟ್ಟುತ್ತ. "ಹಾಗಾದ್ರೆ ನಂದು ಸ್ವಲ್ಪ ಇದೆ. ನನ್ನ ಖಾಲಿ ಜಾಗದಲ್ಲಿ ಬಾರಿಸಿದ್ದು ಯಾರ್ರೀ? ಸೆತ್, ನೀನಾ?"

"ನಾನಾ ಸಾರ್?" ಸೆತ್ ನೊಂದುಕೊಂಡ. "ಕಳ್ಳ ಅಂತ ಬೇಕಾದ್ರೆ ಅನ್ನಿ. ಇಂಥ ಮಾತು ಅನ್ಬೇಡಿ."

"ಮತ್ತೆ ಟಕ್ ಟಕ್ ಅಂತ ಬಂತಲ್ಲ, ಎರಡೂ ಖಾಲಿ ಏಟಿಗೆ? ಬೂಟಿನ ತೊಗಲಿಂದಲ್ಲ ಆ ಸದ್ದು. ಕಬ್ಬಿಣದ್ದು."

"ಅದು ಮಾರ್ಚಿನದೇ ಅಲ್ವೇ?" ಎಂದು ಟ್ಯಾಟರ್ಸಾಲ್ ಕೇಳಿದ. ಅವನಿಗೂ ಕೇಳಿಸಿತ್ತು, ಆದರೆ ಕಣ್ಣೆಲ್ಲ ಬೂಟಿನ ಮೇಲಿತ್ತು. ಚೆನ್ನಾಗಿಯೇ ಇದೆ ಎಂದುಕೊಂಡಿದ್ದ.

ಲಸ್ಕಂಬ್ ಅವನನ್ನು, ಜ್ವರ ಬಂದವರನ್ನು ನೋಡುವ ಹಾಗೆ, ಕನಿಕರದಿಂದ ನೋಡಿದ. "ಅಲ್ಲಿ ಏನೂ ಇಲ್ಲ ಇನ್‌ಸ್ಪೆಕ್ಟರೇ. ಆ ಏನೂ ಇಲ್ಲದ್ದನ್ನ ಕಲಿಸೋಕೆ ನನಗೆ ಒಂದೊಂದು ಆಳಿಗೆ ಒಂದೊಂದು ವರ್ಷ ಬೇಕು."

ಎಲ್ಲರೂ ಬೆಂಚಿನ ಕಡೆ ತಿರುಗಿದರು. ಮಿಸ್ ಲಾಯ್ ತಮ್ಮ ಕೈಗೋಲಿನ ತುದಿಯ ಕಬ್ಬಿಣದ ಬಳೆಯನ್ನು ನೋಡುತ್ತಿದ್ದರು, ಸಾಧುವಾಗಿ ಸಾಕಿದ ನಾಯಿ ಅತಿಥಿಯನ್ನು ಕಚ್ಚಿದಾಗ ನೋಡುವಂತೆ.

"ಇನ್‌ಸ್ಪೆಕ್ಟರ್, ಮ್ಯೂಸಿಯಂ ತನಕ ನನ್ನ ಕೈ ಹಿಡ್ಕೊಂಡು ಬರ್ತೀರಾ?" ಎಂದರು. "ಇಲ್ಲಿ ಊದೋರು ಜಾಸ್ತಿ."

ಮ್ಯೂಸಿಯಂನಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆ ಬೆಸ್ಸಿ ಪಾತ್ರೆ ತೊಳೆಯುವ ಸದ್ದು ಕೇಳಿ ಬರುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಅವಳು ಗೋಡೆಗೆ ಕಿವಿ ಕೊಟ್ಟಳೆಂದು ಇಬ್ಬರಿಗೂ ಗೊತ್ತಾಯಿತು. ಮಿಸ್ ಲಾಯ್ ದನಿ ತಗ್ಗಿಸಿದರು.

"ನಾನು ಹುಟ್ಟಿದ್ದು ಈ ಆವರಣದಲ್ಲಿ. 'ಕತ್ತೆ'ಯ ಒಂದೊಂದು ಸ್ವರವೂ ನನಗೆ ಗೊತ್ತು. ಲಸ್ಕಂಬ್ ತಪ್ಪಿದ್ರೆ ತಿದ್ದೋಳು ನಾನು."

"ಆದ್ರೂ ನಿಮ್ಮ ಕೋಲು ನಿಲ್ಲಲಿಲ್ಲ ಮಿಸ್ ಲಾಯ್."

"ನನ್ನ ಕಾಲಿಗೆ ಕಲಿಸಿದೋರು ಯಾರು? ಗಂಡಸರು ಮೈದಾನದಲ್ಲಿ ನಡೀತಿದ್ರು. ನಾವು ಜಗಲಿ ಮೇಲೆ ನಿಂತು ಕರವಸ್ತ್ರ ಬೀಸ್ತಿದ್ವಿ. ಕರವಸ್ತ್ರಕ್ಕೆ ನಿಲ್ಲೋ ಕಟ್ಟಳೆ ಇರ್ಲಿಲ್ಲ."

ಹೇಳಿ ಅವರೇ ಸ್ವಲ್ಪ ನಕ್ಕರು. ಟ್ಯಾಟರ್ಸಾಲ್ ನಗಲಿಲ್ಲ. ಅವರಿಗೆ ಕುರ್ಚಿ ಎಳೆದುಕೊಟ್ಟ.

"ಮಂಗಳವಾರ ಇಲ್ಲಿ ಗುನುಗ್ತಾ ಓಡಾಡಿದ್ದು ನೀವು."

"ಭಯ ಆದಾಗ ಗುನುಗ್ತೀನಿ. ಆವತ್ತು ಬಹಳ ಭಯ ಆಗಿತ್ತು. ಜೀವಮಾನದಲ್ಲಿ ಒಂದು ಹೂವನ್ನೂ ಕೇಳದೆ ಕಿತ್ತೋಳಲ್ಲ ನಾನು."

"ಯಾಕೆ ಕದ್ರಿ?"

"ನನ್ನ ತಮ್ಮ ಆ ಸಮಿತಿಗೆ ಏನು ಮಾತು ಕೊಟ್ಟಿದ್ದಾನೆ ಗೊತ್ತಾ? ನಮ್ಮ ಮಾರ್ಚ್ ಉಳಿಸಿ, ಬೇಕಾದ್ರೆ ಆ ಎರಡು ಖಾಲಿ ಏಟು ತೆಗೆದುಹಾಕ್ತೀವಿ ಅಂತ. ವೆಲ್ಡನ್‌ನವರು ಮುಗ್ಗರಿಸಬಾರದಂತೆ." ಅವರ ಕೋಲು ನೆಲಕ್ಕೆ ಒಮ್ಮೆ ಬಡಿಯಿತು. "ನಿಲ್ಲದ ಕತ್ತೆ! ಅದನ್ನ ನುಡಿಸೋದಕ್ಕಿಂತ ನುಡಿಸದೆ ಇರೋದು ವಾಸಿ. ಕೋಲಿಲ್ದೇ ನುಡಿಸೋ ಹಾಗಿಲ್ಲ. ಕೋಲು ನನ್ನ ಟ್ರಂಕಿನ ತಳದಲ್ಲಿ, ಅಮ್ಮನ ಶಾಲಿನ ಕೆಳಗೆ ಇರಲಿ ಅಂತ ಬಂದೆ."

"ಈಗ ಅದನ್ನ ಕೊಟ್ಟುಬಿಡಿ. ಹೊರಗೆ ಮಾತು ಹೋಗದ ಹಾಗೆ ನೋಡ್ಕೋತೀನಿ. ಸೆತ್ ಮನೆಗೆ ಹೋಗ್ಲಿ."

ಮಿಸ್ ಲಾಯ್ ಅವನ ಮುಖವನ್ನೇ ನೋಡಿದರು.

"ನಿಮಗೆ ಅರ್ಥ ಆಗ್ಲಿಲ್ಲ ಇನ್‌ಸ್ಪೆಕ್ಟರ್. ನಾನು ಕದಿಯೋಕೆ ಬಂದೆ ಅಂದೆ. ಬೀಗ ತೆಗೆದೆ, ಮುಚ್ಚಳ ಎತ್ತಿದೆ. ಮಖಮಲ್ಲಿನ ಮೇಲೆ ಕೋಲಿನ ಅಚ್ಚು ಇತ್ತು. ಕೋಲು ಇರ್ಲಿಲ್ಲ."

ಗೋಡೆಯಾಚೆ ಒಂದು ಚಮಚ ಬಿತ್ತು.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಸೆತ್ ತೆಗೆದಿದ್ದಾನೆ ಅಂದ್ಕೊಂಡೆ. ಅವನದೂ ನನ್ನ ಹಾಗೇ ಹೊಟ್ಟೆ ಉರಿದಿರುತ್ತೆ, ನನಗಿಂತ ಮುಂಚೆ ಬಂದು ನನ್ನ ಕೆಲಸ ಮಾಡಿ ಹೋದ, ದೇವರು ಅವನನ್ನ ಚೆನ್ನಾಗಿ ಇಟ್ಟಿರಲಿ ಅಂತ. ನಾನು ಬಾಯಿ ಬಿಟ್ರೆ ಅವನು ಪೂರ್ತಿ ಸಿಕ್ಕಿಬೀಳ್ತಾನಲ್ಲ?"

ಬೆಸ್ಸಿಯ ಆ ಟಕ್ ಟಕ್ ಒಂದೇ ಸೆತ್‌ನ ಪಾಲಿಗೆ ಇದ್ದ ಆಸರೆ. ಈಗ ಅದು ಈ ಮುದುಕಿಯ ಕೈಗೋಲಿನದಾಗಿ ಹೋಗಿತ್ತು, ಅದೂ ಬಡಿಕೋಲು ಹೋದ ಮೇಲೆ ಬಂದದ್ದು.

ಟ್ಯಾಟರ್ಸಾಲ್ ಸುಮ್ಮನೆ ನಿಲ್ಲಲಾರದೆ ಹೋಗಿ ಗಾಜಿನ ಮುಚ್ಚಳವನ್ನು ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಸದ್ದೇ ಇಲ್ಲ.

"ಇದು ಕಿರುಚತ್ತೆ ಅಂತಾರಲ್ಲ?"

"ಕಿರುಚತ್ತೆ." ಮಿಸ್ ಲಾಯ್ ಎದ್ದು ನಿಂತರು. "ಯಾವಾಗಲೂ ಕಿರುಚತ್ತೆ! ಮಂಗಳವಾರ ನನ್ನ ಎದೆಬಡಿತದಲ್ಲಿ ಅದು ಗಮನಕ್ಕೇ ಬರ್ಲಿಲ್ಲ."

ಟ್ಯಾಟರ್ಸಾಲ್ ಮುಚ್ಚಳದ ಹಿಂದಿನ ಕೀಲಿನ ಮೇಲೆ ಬೆರಳಾಡಿಸಿ ಮೂಗಿಗೆ ಹಿಡಿದ. ಅವನ ಕಿವಿಯಲ್ಲಿ ಉಳಿಸಿದ್ದನ್ನು ದೇವರು ಮೂಗಿನಲ್ಲಿ ಹಾಕಿದ್ದ. ತೆಳ್ಳಗಿನ, ಸೀಮೆಎಣ್ಣೆಯ ನೆಂಟನಂಥ ವಾಸನೆ. ಮಧ್ಯಾಹ್ನವಿಡೀ ಬ್ಯಾಂಡಿನ ಕೋಣೆಯಲ್ಲಿ ಅವನ ಮೂಗು ಹೊಕ್ಕಿದ್ದ ವಾಸನೆ. ತುತ್ತೂರಿಯವರು ಬೆರಳಿನ ಗುಂಡಿಗಳು ಸಲೀಸಾಗಿ ಆಡಲೆಂದು ಒಳಗೆ ಬಿಡುವ ಎಣ್ಣೆ ಅದು.

ಅವನು ಬ್ಯಾಂಡಿನ ಕೋಣೆಗೆ ಮರಳಿದಾಗ ಎಲ್ಲರೂ ವಾದ್ಯ ಕಟ್ಟಿಡುತ್ತಿದ್ದರು. ಕರ್ನಲ್ಲರನ್ನು ಕಿಟಕಿಯ ಬಳಿಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಕ್ಕನ ವಿಷಯ ಬಂದಾಗ ಕರ್ನಲ್ಲರ ಮೀಸೆ ಒಮ್ಮೆ ಮೇಲೇರಿ ಇಳಿಯಿತು.

"ಅಂದ್ರೆ ಆ ಹೆಜ್ಜೆ ನಮ್ಮಕ್ಕಂದು. ಆಗ್ಡೆನ್ ಪರವಾಗಿ ಇದ್ದದ್ದು ಅದೊಂದೇ ಅಲ್ವಾ?"

"ಅದು ಹೋಯ್ತು ಸಾರ್. ಅದಕ್ಕಿಂತ ಗಟ್ಟಿಯಾದ್ದು ಸಿಕ್ತು." ಟ್ಯಾಟರ್ಸಾಲ್ ಬೆರಳು ಮುಂದೆ ಹಿಡಿದ. "ಕದ್ದೋನು ಮೊದಲು ಕೀಲಿಗೆ ಎಣ್ಣೆ ಬಿಟ್ಟಿದ್ದಾನೆ. ಜೇಬಲ್ಲಿ ಸದಾ ಇಟ್ಕೊಂಡಿರೋ ಎಣ್ಣೆ. ಡ್ರಮ್ಮಿನವನಿಗೆ ಇದರ ಕೆಲಸವೇ ಇಲ್ಲ. ಬೀಗದಕೈಯನ್ನ ಸೆತ್ ಕೋಟಿನಿಂದ ಯಾರು ಬೇಕಾದ್ರೂ ಎತ್ಕೊಂಡು ಮತ್ತೆ ಇಟ್ಟಿರಬಹುದು. ಇವನನ್ನ ಬಿಡಿ ಸಾರ್. ನಾನು ತುತ್ತೂರಿಯವರನ್ನ ಒಬ್ಬೊಬ್ಬರಾಗಿ ನೋಡ್ತೀನಿ."

ಕರ್ನಲ್ ಬೆರಳು ಮೂಸಿದರು. ಯೋಚಿಸಿದರು. ಕಾವಲಿನವನ ಕಡೆ ತಿರುಗಿ ಬಾಯಿ ತೆರೆದರು.

"ಕೀಲಿಗೆ ಎಣ್ಣೆ ಹಾಕಿತ್ತಾ?" ಎಂದು ಸೆತ್ ಕೇಳಿದ.

ಅವನು ಅಲ್ಲೇ ನಿಂತು ಡ್ರಮ್ಮಿಗೆ ಬಟ್ಟೆ ಹೊದಿಸುತ್ತಿದ್ದ. ಬಿಡುಗಡೆಯ ಮಾತು ಕೇಳಿ ಅರಳಿದ್ದ ಅವನ ಮುಖದ ನಗೆ ದೀಪ ಆರಿದ ಹಾಗೆ ಆರಿತು. ಹೆಗಲ ಮೇಲಿಂದ ಒಮ್ಮೆ, ಒಂದೇ ಒಂದು ಸಲ, ಬ್ಯಾಂಡಿನವರ ಕಡೆ ನೋಡಿದ. ಅಲ್ಲಿ ಎಲ್ಲರೂ ತಲೆ ಎತ್ತಿ ಇತ್ತ ನೋಡುತ್ತಿದ್ದರು. ಒಬ್ಬರು ಮಾತ್ರ ತಲೆ ತಗ್ಗಿಸಿ ಪೆಟ್ಟಿಗೆಯ ಕೊಕ್ಕೆ ಹಾಕುತ್ತಿದ್ದರು. ಆದರೆ ಟ್ಯಾಟರ್ಸಾಲ್ ತಿರುಗುವಷ್ಟರಲ್ಲಿ ಎಲ್ಲ ತಲೆಗಳೂ ಬಗ್ಗಿದ್ದವು.

"ಬರ್ಕೊಳ್ಳಿ ಸಾರ್," ಎಂದ ಸೆತ್. "ನಾನೇ ಕದ್ದಿದ್ದು. ಎಣ್ಣೇನೂ ನಾನೇ ಹಾಕ್ದೆ."

"ಎಲ್ಲಿಟ್ಟಿದ್ದೀಯ ಕೋಲನ್ನ?"

"ಹೊಳೆಗೆ ಎಸೆದೆ."

ಟ್ಯಾಟರ್ಸಾಲ್ ಡ್ರಮ್ಮಿನ ಪಕ್ಕದ ಮೇಜನ್ನು ನೋಡಿದ. ಮಡಿಸಿದ ಕರವಸ್ತ್ರದ ಮೇಲೆ ಅಭ್ಯಾಸದ ಕೋಲು ಮಲಗಿತ್ತು.

"ಯಾರನ್ನ ಉಳಿಸ್ತಿದ್ದೀಯ ಕಣಯ್ಯಾ?" ಎಂದು ಮೆಲ್ಲಗೆ ಕೇಳಿದ.

"ನಾಳೆ ಡ್ರಮ್ಮಿಗೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್," ಎಂದ ಸೆತ್ ಲಸ್ಕಂಬ್‌ನಿಗೆ. "ಹಗ್ಗ ಸ್ವಲ್ಪ ಸಡಿಲ ಬಿಟ್ಟಿದೆ, ಬಿಗೀಬೇಕು."

ಕರ್ನಲ್ಲರ ಮುಂದೆಯೇ ಅವನು ತಪ್ಪೊಪ್ಪಿಗೆಗೆ ಸಹಿ ಹಾಕಿದ. ಚಹಾ ಆರುವ ಮೊದಲೇ ಅವನನ್ನು ಕಾವಲು ಕೋಣೆಗೆ ಹಾಕಿ ಬೀಗ ಹಾಕಲಾಯಿತು.